ಗಿಟಾರಿಗೊಂದು ಅಳತೆ ರವಿಕೆ

ವಿ.ಪಿ. ತರಿಸದ ಮನೆ ನಮ್ಮ ಕಾಲದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಕಾದಂಬರಿ, ಪಂಚಾಂಗ, ಕೂದಲು ಬೆಳೆಯುವ ತೈಲ, ಕೈಗಡಿಯಾರ, ಏನು ಬೇಕಾದರೂ ಸರಿ, ಪತ್ರಿಕೆಯ ಜಾಹೀರಾತು ನೋಡಿ ಒಂದು ಕಾರ್ಡು ಬರೆದು ಹಾಕಿದರಾಯಿತು. ಹದಿನೈದು ದಿನಕ್ಕೋ ತಿಂಗಳಿಗೋ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದ ಗಂಟೊಂದು ಬಾಗಿಲಿಗೆ ಬರುತ್ತಿತ್ತು. ಈ ಏರ್ಪಾಡು ನಮ್ಮ ದೇಶದ ಅಂಚೆಯಲ್ಲಿ ಶುರುವಾದದ್ದು 1877ರಲ್ಲಿ. ಹಣ ಎಣಿಸಿ ಕೊಟ್ಟ ಮೇಲೆಯೇ ಗಂಟು ಬಿಚ್ಚಬೇಕೆಂಬುದು ಅದರ ನಿಯಮ. “ನಮ್ಮ ಕಾಲದ ಮದುವೆಯ ಹಾಗೆ. ತಾಳಿ ಕಟ್ಟಿದ ಮೇಲೆ ಮುಖ ನೋಡುವುದು” ಎಂದು ನಮ್ಮ ಅತ್ತೆ ನಗುತ್ತಿದ್ದರು.

ನಾನು ತರಿಸಿದ್ದು ಸೀರೆಯೂ ಅಲ್ಲ, ಪುಸ್ತಕವೂ ಅಲ್ಲ, ಗಿಟಾರಿನ ಕೀ. ಸಾಗರದಂಥ ಊರಿನಲ್ಲಿ, 1991ರ ಮಳೆಗಾಲದಲ್ಲಿ, ಒಬ್ಬ ಗೃಹಿಣಿಗೆ ಗಿಟಾರಿನ ಕೀ ಏಕೆ ಬೇಕಾಯಿತೆಂದು ನೀವು ಕೇಳಬಹುದು. ನಮ್ಮ ಓಣಿಯವರೂ ಕೇಳಿದರು.

ಮದುವೆಗೆ ಮುಂಚೆ ನಾನು ಬೆಂಗಳೂರಿನಲ್ಲಿ ಎರಡು ವರ್ಷ ಟೈಪಿಸ್ಟ್ ಆಗಿದ್ದೆ. ಪಕ್ಕದ ಮೇಜಿನಲ್ಲಿದ್ದ ಆಂಗ್ಲೋ ಇಂಡಿಯನ್ ಹುಡುಗಿ ಭಾನುವಾರ ಚರ್ಚಿನಲ್ಲಿ ಗಿಟಾರ್ ಬಾರಿಸುತ್ತಿದ್ದಳು. ಊಟದ ವೇಳೆಯಲ್ಲಿ ಅವಳು ನನಗೆ ಬೆರಳು ಇಡುವುದನ್ನು ಕಲಿಸಿದಳು. ಅವಳ ಅಣ್ಣ ಹೊಸ ಗಿಟಾರು ಕೊಂಡಾಗ ಹಳೆಯದನ್ನು ನಾನು ನನ್ನ ಸಂಬಳದಲ್ಲಿ, ಮೂರು ಕಂತಿನಲ್ಲಿ ಕೊಂಡೆ. ನನ್ನದು ಎಂದು ನಾನು ಸಂಪಾದಿಸಿದ ಮೊದಲ ವಸ್ತು ಅದು. 1977ರಲ್ಲಿ ಮದುವೆಯಾಗಿ ಬಂದಾಗ ಟ್ರಂಕಿನ ಜೊತೆ ಅದೂ ಬಂತು. ಗೃಹಪ್ರವೇಶದ ದಿನ ಅತ್ತೆ ಅದನ್ನು ನೋಡಿ, “ಇದೇನಿದು, ಸೋರೆಬುರುಡೆ?” ಎಂದರು. ಬಂದವರೆಲ್ಲ ನಕ್ಕರು. ನಾನೂ ನಕ್ಕೆ. ಮರುದಿನ ಅದು ಅಟ್ಟ ಸೇರಿತು.

ಯಾರೂ ಬಾರಿಸಬೇಡ ಎನ್ನಲಿಲ್ಲ, ಅದನ್ನು ಹೇಳಲೇಬೇಕು. ಇವತ್ತು ಬೇಡ, ನಾಳೆ ಎಂದುಕೊಂಡವಳು ನಾನೇ. ನಾಳೆ ಹಪ್ಪಳ, ನಾಡಿದ್ದು ಶ್ರಾದ್ಧ, ಆಮೇಲೆ ಬಸುರಿ, ಬಾಣಂತಿ. ಹೀಗೆ ಹದಿನಾಲ್ಕು ವರ್ಷ ಕಳೆಯಿತು.

ಅದನ್ನು ಕೆಳಗಿಳಿಸಿದವಳು ಮಗಳು. ಹದಿಮೂರು ವರ್ಷದವಳು, ಉಪ್ಪಿನಕಾಯಿ ಜಾಡಿ ಹುಡುಕಲು ಅಟ್ಟ ಹತ್ತಿದವಳು ಗಿಟಾರನ್ನು ಹಿಡಿದು ಇಳಿದಳು. “ಇದು ಯಾರದಮ್ಮ?” ಎಂದಳು. “ನನ್ನದು” ಎಂದೆ. “ಸುಳ್ಳು!” ಎಂದು ನಕ್ಕುಬಿಟ್ಟಳು. ಅವಳ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಅಮ್ಮನಿಗೆ ದೋಸೆ ಬರುತ್ತದೆ, ಹೊಲಿಗೆ ಬರುತ್ತದೆ, ಗಿಟಾರು ಹೇಗೆ ಬಂದೀತು? ಆದರೆ ಆ ಒಂದು ಮಾತು ರಾತ್ರಿಯೆಲ್ಲ ನನ್ನನ್ನು ಮಲಗಗೊಡಲಿಲ್ಲ.

ಬೆಳಿಗ್ಗೆ ಒರೆಸಿ ನೋಡಿದೆ. ಮಲೆನಾಡಿನ ಮಳೆ ಅದನ್ನು ಸುಮ್ಮನೆ ಬಿಟ್ಟಿರಲಿಲ್ಲ. ಮರಕ್ಕೆ ಬೂಷ್ಟು ಹಿಡಿದಿತ್ತು, ತಂತಿಗಳು ಮುಟ್ಟಿದರೆ ಪುಡಿಯಾಗುವಷ್ಟು ತುಕ್ಕು ಹಿಡಿದಿದ್ದವು. ಪುಣ್ಯಕ್ಕೆ ಕುತ್ತಿಗೆ ಬಾಗಿರಲಿಲ್ಲ. ಕೆಟ್ಟದ್ದು ಕೀಗಳು. ವೀಣೆಗಾದರೆ ಮರದ ಬಿರಡೆ, ಜಾರಿದರೆ ಸೀಮೆಸುಣ್ಣ ಹಚ್ಚಿ ತಿರುಗಿಸಬಹುದು. ಗಿಟಾರಿನದು ಹಾಗಲ್ಲ. ತಲೆಯ ಎರಡು ಮಗ್ಗುಲಲ್ಲಿ ಎರಡು ಲೋಹದ ಪಟ್ಟಿ, ಒಂದೊಂದರಲ್ಲಿ ಮೂರು ಕೀ. ಒಂದೊಂದು ಕೀಗೂ ತಿರುಪಿನಂಥ ಒಂದು ಕಡ್ಡಿ, ಅದಕ್ಕೆ ಕಚ್ಚಿಕೊಂಡ ಹಲ್ಲಿನ ಚಕ್ರ. ಸಾಮಾನ್ಯವಾಗಿ ಕೀಯನ್ನು ಹದಿನಾಲ್ಕು ಸುತ್ತು ತಿರುಗಿಸಿದರೆ ತಂತಿ ಸುತ್ತುವ ಕಂಬ ಒಂದು ಸುತ್ತು ತಿರುಗುತ್ತದೆ. ತಂತಿ ಎಷ್ಟೇ ಎಳೆದರೂ ತಾನಾಗಿ ಸಡಿಲವಾಗುವುದಿಲ್ಲ. ನನ್ನ ಗಿಟಾರಿನಲ್ಲಿ ಎರಡು ಕೀಯ ಹಿಡಿ ಮುರಿದಿತ್ತು, ಒಂದು ಚಕ್ರದ ಹಲ್ಲು ಸವೆದಿತ್ತು.

ಶಿವಮೊಗ್ಗಕ್ಕೆ ಹೋದಾಗ ವಾದ್ಯದ ಅಂಗಡಿಯಲ್ಲಿ ವಿಚಾರಿಸಿದೆ. ಹಾರ್ಮೋನಿಯಂ ಉಂಟು, ತಬಲಾ ಉಂಟು, ವೀಣೆಯ ತಂತಿ ಉಂಟು, ಗಿಟಾರಿನ ಕೀ ಮಾತ್ರ ಇಲ್ಲ. ಕೊನೆಗೆ ಒಂದು ದಿನ ಟಾರ್ಚು ಹಾಕಿ ಗಿಟಾರಿನ ಹೊಟ್ಟೆಯೊಳಗೆ ಇಣುಕಿದಾಗ ಅಂಟಿಸಿದ್ದ ಚೀಟಿ ಕಂಡಿತು. ಅದರಲ್ಲಿ ಕಲ್ಕತ್ತದ ವಿಳಾಸವಿತ್ತು. ಅದು ಕೋಲ್ಕತಾ ಆದದ್ದು 2001ರಲ್ಲಿ, ಆಗ ಇನ್ನೂ ಕಲ್ಕತ್ತವೇ. ನಮ್ಮ ಕಡೆ ಸಿಗುತ್ತಿದ್ದ ಅಗ್ಗದ ಗಿಟಾರುಗಳಲ್ಲಿ ಬಹಳಷ್ಟು ಅಲ್ಲಿಂದಲೇ ಬರುತ್ತಿದ್ದವು.

“ಗುಜರಿಗೆ ಹಾಕುವುದನ್ನು ಬಿಟ್ಟು ಅದಕ್ಕೆ ದುಡ್ಡು ಬೇರೆ ಸುರಿಯುತ್ತೀಯಾ?” ಎಂದರು ನಮ್ಮವರು. ಆದರೂ ಬೇಡವೆನ್ನಲಿಲ್ಲ. ನಾನು ಪತ್ರ ಬರೆದೆ. ‘ಗಿಟಾರಿನ ಕೀ ಒಂದು ಸೆಟ್, ತಂತಿ ಒಂದು ಸೆಟ್, ವಿ.ಪಿ. ಮೂಲಕ ಕಳಿಸಿ.’ ಕೆಳಗೆ ಇವರ ಹೆಸರು. ಮನೆಯಿಂದ ಹೋಗುವ ಕಾಗದವೆಲ್ಲ ಇವರ ಹೆಸರಿನಲ್ಲೇ ಹೋಗುತ್ತಿದ್ದುದರಿಂದ ಬೇರೆ ಹೆಸರು ಬರೆಯಬಹುದೆಂದು ನನಗೆ ಹೊಳೆಯಲೂ ಇಲ್ಲ.

ಮೂರು ವಾರಕ್ಕೆ ಪಾರ್ಸೆಲ್ ಬಂತು. ಬಂದಾಗ ಇವರು ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. “ಯಜಮಾನರ ಸಹಿ ಬೇಕಲ್ಲ ಅಮ್ಮ” ಎಂದು ಪೋಸ್ಟ್‌ಮ್ಯಾನ್ ಚೀಟಿ ಕೊಟ್ಟು ಹೋದ. ಏಳು ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನನ್ನ ವಸ್ತುವಿಗೆ ನನ್ನ ದುಡ್ಡು ಡಬ್ಬಿಯಲ್ಲಿ ಎಣಿಸಿಟ್ಟಿದ್ದೆ, ವಸ್ತು ನಾಲ್ಕು ಫರ್ಲಾಂಗ್ ದೂರದ ಅಂಚೆ ಕಚೇರಿಯಲ್ಲಿತ್ತು, ಆದರೆ ನಾನು ಅದನ್ನು ಮುಟ್ಟುವಂತಿರಲಿಲ್ಲ. ಏಳನೆಯ ದಿನ ಮಧ್ಯಾಹ್ನ ಬಸ್ಸಿಳಿದ ಇವರನ್ನು ಕಾಫಿ ಕುಡಿಯಲೂ ಬಿಡದೆ ಓಡಿಸಿದೆ.

85 ರೂಪಾಯಿ ತೆತ್ತು ತಂದ ಗಂಟನ್ನು ಬಿಚ್ಚಿದರೆ ಕೀಗಳೇನೋ ಹೊಳೆಯುತ್ತಿದ್ದವು, ಆದರೆ ಕೂರಲೊಲ್ಲವು. ಅವುಗಳ ಕಂಬ ನನ್ನ ಕಿರುಬೆರಳಿನಷ್ಟು ದಪ್ಪ, ಬಿಳಿ ಪ್ಲಾಸ್ಟಿಕ್ಕಿನದು. ಗಿಟಾರಿನ ರಂಧ್ರಗಳು ಸಣ್ಣವು. ತಂತಿ ತೆಗೆದರೆ ಮೊದಲ ಮೂರು ನೈಲಾನಿನವು. ನಾನು ಬೆಪ್ಪಾಗಿ ಕುಳಿತೆ. ಆಗಲೇ ನನಗೆ ನೆನಪಾದದ್ದು, ಗಿಟಾರಿನಲ್ಲಿ ಎರಡು ಜಾತಿ ಎಂಬುದು. ನೈಲಾನ್ ತಂತಿಯದಕ್ಕೆ ತಲೆಯಲ್ಲಿ ಎರಡು ಉದ್ದನೆಯ ಕಿಂಡಿ, ಅದರೊಳಗೆ ದಪ್ಪ ಕಂಬಗಳು ಅಡ್ಡ ಮಲಗಿರುತ್ತವೆ. ಉಕ್ಕಿನ ತಂತಿಯದಕ್ಕೆ ಸಾಮಾನ್ಯವಾಗಿ ಕಿಂಡಿಯಿಲ್ಲದ ಹಲಗೆ, ಅದನ್ನು ತೂರಿಕೊಂಡು ಸಣ್ಣ ಕಂಬಗಳು ನೆಟ್ಟಗೆ ನಿಂತಿರುತ್ತವೆ. ನನ್ನದು ಎರಡನೆಯದು. ಅಂಗಡಿಗೆ ಸಿಟ್ಟಿನಿಂದ ಬರೆದೆ. ಅಲ್ಲಿಂದ ಎರಡು ಸಾಲಿನ ಉತ್ತರ ಬಂತು. ನೀವು ಯಾವ ಗಿಟಾರೆಂದು ಬರೆದಿರಲಿಲ್ಲ, ಅಂಚೆ ವೆಚ್ಚ ಭರಿಸಿ ಹಿಂದಿರುಗಿಸಿದರೆ ಬದಲಿಸಿಕೊಡುತ್ತೇವೆ ಎಂದು. ತಪ್ಪು ಅವರದಲ್ಲ. ಎರಡು ಸಲದ ಅಂಚೆ ವೆಚ್ಚ ಲೆಕ್ಕ ಹಾಕಿ ಸುಮ್ಮನಾದೆ.

“ನಾನು ಹೇಳಲಿಲ್ಲವಾ?” ಎಂದು ಇವರು ಪೇಪರು ಬಿಡಿಸಿದರು. ನಾನು ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿ ಮತ್ತೆ ಅಟ್ಟಕ್ಕೆ ಏರಿಸಲು ಏಣಿ ಹಾಕಿದೆ. ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು.

“ಅಲ್ಲವೇ ಮಾರಾಯ್ತಿ, ಅಳತೆ ಕಳಿಸಿದ್ದೆಯಾ?”

“ಏನು ಅಳತೆ ಅತ್ತೆ?”

“ರವಿಕೆ ಹೊಲಿಸಬೇಕಾದರೆ ಅಳತೆ ರವಿಕೆ ಕೊಡುತ್ತೀಯಲ್ಲ? ರವಿಕೆ ಒಂದು ಅಂತ ಚೀಟಿ ಬರೆದು ಕಳಿಸಿದರೆ ದರ್ಜಿ ಯಾರ ಅಳತೆಗೆ ಹೊಲಿಯಬೇಕು? ನಿಮ್ಮ ಮಾವ ಪೇಟೆಗೆ ಹೋಗುವಾಗ ನಾನು ಪೇಪರಿನ ಮೇಲೆ ಪಾದ ಇಟ್ಟು ಗೀಟು ಹಾಕಿ ಕೊಡುತ್ತಿದ್ದೆ. ಒಂದು ಸಲವೂ ಚಪ್ಪಲಿ ತಪ್ಪಲಿಲ್ಲ.”

ಸೋರೆಬುರುಡೆ ಎಂದಿದ್ದ ಅತ್ತೆ! ನಾನು ಏಣಿ ಇಳಿದೆ.

ಆ ರಾತ್ರಿ ಅಡಿಗೆಮನೆಯ ಕೆಲಸ ಮುಗಿಸಿ ನಾನು, ಮಗಳು, ಅತ್ತೆ ಮೂವರೂ ಗಿಟಾರನ್ನು ನಡುವೆ ಮಲಗಿಸಿಕೊಂಡು ಕುಳಿತೆವು. ಹೊಲಿಗೆ ಯಂತ್ರದ ಪುಟ್ಟ ತಿರುಪುಳಿ ಆ ಸ್ಕ್ರೂಗಳಿಗೆ ಹೇಳಿ ಮಾಡಿಸಿದಂತಿತ್ತು. ಯಂತ್ರದ ಎಣ್ಣೆ ಎರಡೆರಡು ಹನಿ ಬಿಟ್ಟು ಅರ್ಧ ಗಂಟೆ ಕಾದು ತಿರುಗಿಸಿದಾಗ ತುಕ್ಕು ಹಿಡಿದ ಸ್ಕ್ರೂಗಳು ಒಂದೊಂದಾಗಿ ಬಂದವು. ಬಿಚ್ಚಿದ ಪಟ್ಟಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದೆವು. ಎಡದ್ದು ಬೇರೆ, ಬಲದ್ದು ಬೇರೆ, ಕನ್ನಡಿಯಲ್ಲಿ ನೋಡಿದಂತೆ ಅದಲು ಬದಲು. ಒಂದು ಕಂಬದ ನಡುವಿನಿಂದ ಇನ್ನೊಂದರ ನಡುವಿಗೆ 35 ಮಿಲಿಮೀಟರ್. ರಂಧ್ರದ ಗಾತ್ರ ಅಳೆಯುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಮಗಳು ನನ್ನ ಹೆಣಿಗೆ ಕಡ್ಡಿಗಳ ಕಟ್ಟು ತಂದಳು. ನಾಲ್ಕನೆಯ ನಂಬರಿನ ಕಡ್ಡಿ ಬಿಗಿಯಾಗಿ ಕೂತಿತು. ಅಂದರೆ 6 ಮಿಲಿಮೀಟರ್. ನನ್ನ ಹೊಲಿಗೆ, ನನ್ನ ಹೆಣಿಗೆ ಎಲ್ಲವೂ ಗಿಟಾರಿನ ಕೆಲಸಕ್ಕೆ ಬಂದಿದ್ದವು.

ತಂತಿಯನ್ನೂ ಈ ಸಲ ಬಿಡಿಸಿ ಬರೆದೆ. ಉಕ್ಕಿನದು, ಮೊದಲೆರಡು ಬರಿಯ ತಂತಿ, ಉಳಿದ ನಾಲ್ಕು ಮೇಲೆ ಸುತ್ತು ಹಾಕಿದ್ದು. ಮೊದಲನೆಯದು ಒಂದು ಅಂಗುಲದ ನೂರನೆಯ ಒಂದು ಭಾಗದಷ್ಟು ದಪ್ಪ. ಹೆಚ್ಚು ಹರಿಯುವುದು ಅದೇ ಆದ್ದರಿಂದ ಎರಡು ಹೆಚ್ಚಿಗೆ. ಈ ವಿವರ ಸಣ್ಣದಲ್ಲ. ಉಕ್ಕಿನ ಆರು ತಂತಿ ಸೇರಿ ಒಂದು ಮೂಟೆ ಅಕ್ಕಿಯಷ್ಟು, 50 ಕಿಲೋಗೂ ಮೇಲೆ ಎಳೆಯುತ್ತವೆ. ನೈಲಾನಿಗೆಂದು ಮಾಡಿದ ಗಿಟಾರಿಗೆ ಉಕ್ಕಿನ ತಂತಿ ಬಿಗಿದರೆ ತಂತಿ ಕಟ್ಟುವ ಸೇತುವೆಯೇ ಕಿತ್ತು ಬರಬಹುದು.

ಪತ್ರದ ಕೊನೆಗೆ ಬಂದೆ. ಪೆನ್ನು ನಿಂತಿತು. ಇವರು ಮತ್ತೆ ಪರವೂರಿಗೆ ಹೊರಟರೆ? ನನ್ನ ಹೆಸರು ಬರೆದೆ. ಕೆಳಗೆ ‘ಇಂಥವರ ಪತ್ನಿ’ ಎಂದು ಸೇರಿಸಲು ಹೋದವಳು ಸೇರಿಸಲಿಲ್ಲ. ಬೆಳಿಗ್ಗೆ ಲಕೋಟೆಯ ಹಿಂಬದಿ ನೋಡಿದ ನಮ್ಮವರು, “ನನ್ನ ಹೆಸರಲ್ಲೇ ಬರೆಯಬಹುದಿತ್ತಲ್ಲ?” ಎಂದರು. “ನೀವು ಊರಲ್ಲಿ ಇರುವುದಿಲ್ಲವಲ್ಲ” ಎಂದೆ. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಅವರೇ ಹೋಗಿ ಡಬ್ಬಕ್ಕೆ ಹಾಕಿ ಬಂದರು.

ನಾಗರಪಂಚಮಿ ಕಳೆದ ಮೇಲೆ ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಗೇಟಿನಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದ. ಓಣಿಯಲ್ಲಿ ನಾನು ಪುಟ್ಟಿಯ ಅಮ್ಮ, ರಾಯರ ಹೆಂಡತಿ, ಅಜ್ಜಮ್ಮನ ಸೊಸೆ. ಆ ಹೆಸರು ಯಾರದೆಂದು ಎದುರುಮನೆಯವರು ಹೊರಗೆ ಬಂದು ನೋಡಿದರು. ನನಗೂ ಒಂದು ಕ್ಷಣ ಅದು ಬೇರೆ ಯಾರದೋ ಎನಿಸಿತು. ಡಬ್ಬಿ ಸುರಿದು ಎಣಿಸಿದರೆ ಹನ್ನೆರಡು ರೂಪಾಯಿ ಕಡಿಮೆ. ಅತ್ತೆ ಸೆರಗಿನ ಗಂಟು ಬಿಚ್ಚಿದರು. “ಸಾಲ ಅಲ್ಲ. ಅಳತೆ ನನ್ನದು, ನನ್ನ ಪಾಲೂ ಇರಲಿ” ಎಂದರು.

ಕೀಗಳು ಸಲೀಸಾಗಿ ಕೂತವು. ಶ್ರುತಿ ಮಾಡುವುದು ಮರೆತೇ ಹೋಗಿದೆ ಎಂದುಕೊಂಡಿದ್ದೆ. ದಪ್ಪ ತಂತಿಯನ್ನು ಐದನೆಯ ಮನೆಯಲ್ಲಿ ಒತ್ತಿ ಮೀಟಿದರೆ ಬರುವ ಸ್ವರಕ್ಕೆ ಮುಂದಿನ ತಂತಿಯನ್ನು ಬಿಗಿಯುವುದು. ಹೀಗೆ ಒಂದರಿಂದ ಒಂದು. ಮೂರನೆಯ ತಂತಿಗೆ ಬಂದಾಗ ಮಾತ್ರ ಐದನೆಯ ಮನೆಯಲ್ಲ, ನಾಲ್ಕನೆಯದು. ನನಗೆ ನೆನಪಿರಲಿಲ್ಲ, ಬೆರಳು ತಾನಾಗಿ ನಾಲ್ಕಕ್ಕೆ ಹೋಯಿತು.

ಆಮೇಲೆ ನಾನು ಅದ್ಭುತವಾಗಿ ಬಾರಿಸಿದೆ ಎಂದು ಬರೆದರೆ ಸುಳ್ಳಾದೀತು. ಕಾದ ಬಾಣಲೆ ಹಿಡಿದು ಬಿರುಸಾದ ಕೈ ಎಂದುಕೊಂಡಿದ್ದೆ. ಆದರೆ ತಂತಿ ಒತ್ತುವ ಎಡಗೈ ಬೆರಳ ತುದಿ ಮಗುವಿನದರಂತೆ ಮೆತ್ತಗಾಗಿತ್ತು. ಹತ್ತು ನಿಮಿಷಕ್ಕೆ ಕೆಂಪಾಗಿ ಉರಿಯಿತು. ಮೂರು ಸ್ವರಮೇಳ ಬಂದವು, ನಾಲ್ಕನೆಯದು ಬರಲಿಲ್ಲ. ಮಗಳು ನಗಲಿಲ್ಲ. “ಇನ್ನೊಂದು ಸಲ” ಎಂದಳು. ಅತ್ತೆ, “ದೇವರನಾಮ ಬರುವುದಿಲ್ಲವಾ ಇದರಲ್ಲಿ?” ಎಂದರು. ಒಂಟಿ ತಂತಿಯ ಮೇಲೆ ತಡವರಿಸುತ್ತ ಒಂದು ಪಲ್ಲವಿ ಹುಡುಕಿದೆ. ಅವರು ಬತ್ತಿ ಹೊಸೆಯುತ್ತಲೇ ಸಣ್ಣ ದನಿಯಲ್ಲಿ ಹಾಡಿದರು. ಇವರು ಒಳಗೆ ಪೇಪರು ಓದುತ್ತಿದ್ದರು. ಪುಟ ಮಗುಚುವ ಸದ್ದು ಮಾತ್ರ ಬಹಳ ಹೊತ್ತು ಕೇಳಲಿಲ್ಲ.

ಮೊದಲ ಸಲ ಬಂದ ತಪ್ಪು ಕೀಗಳು ದಂಡವಾಗಲಿಲ್ಲ. ಒಂದು ಪಟ್ಟಿಯನ್ನು ಬಾಗಿಲ ಹಿಂದೆ ಹೊಡೆದಿದ್ದೇವೆ. ಮನೆಯ ಕೀಗಳೆಲ್ಲ ಆ ಕೀಗಳ ಮೇಲೆಯೇ ತೂಗಾಡುತ್ತಿವೆ.

ಅತ್ತೆ ಹೋಗಿ ಬಹಳ ವರ್ಷಗಳಾದವು. ಗಿಟಾರು ಈಗ ಮಗಳ ಮನೆಯಲ್ಲಿದೆ, ಮೊಮ್ಮಗ ಬಾರಿಸುತ್ತಾನೆ. ಈಗ ಅಂಗಡಿಗೆ ಕಾಗದ ಬರೆಯುವ ಕೆಲಸವಿಲ್ಲ. ಫೋನಿನಲ್ಲಿ ಚಿತ್ರ ನೋಡಿ ಒತ್ತಿದರೆ ಎರಡು ಮೂರು ದಿನಕ್ಕೆ ಪೊಟ್ಟಣ ಬಾಗಿಲಿಗೆ ಬರುತ್ತದೆ. ಕಳೆದ ತಿಂಗಳು ಮಗಳು ಫೋನ್ ಮಾಡಿದ್ದಳು. “ಅಮ್ಮ, ಗಿಟಾರಿಗೆ ಹೊಸ ಕೀ ತರಿಸಿದೆ, ಕೂರುತ್ತಲೇ ಇಲ್ಲ!”

ನನ್ನ ಬಾಯಿಂದ ಬಂದದ್ದು ನನ್ನ ದನಿಯಾಗಿರಲಿಲ್ಲ.

“ಅಲ್ಲವೇ ಮಾರಾಯ್ತಿ, ಅಳತೆ ತೆಗೆದಿದ್ದೆಯಾ?”