ಮಂಡಿ ಕಲಿಸಿದ ಪಾಠ

ಮಠದಲ್ಲಿ ಬೆಳೆದವನಿಗೆ ನೆಲವೇ ಪೀಠ. ಹತ್ತನೆಯ ವಯಸ್ಸಿನಿಂದ ಚಕ್ಕಳಮಕ್ಕಳ ಹಾಕಿ ಕುಳಿತು ಪಾಠ ಕೇಳಿದ, ಶಿವಪೂಜೆ ಮಾಡಿದ, ದಾಸೋಹದ ಪಂಕ್ತಿಯಲ್ಲಿ ಉಂಡ ದೇಹ ನನ್ನದು. ಅದು ಎಂದಾದರೂ ಮಾತು ಕೇಳದೆ ಹೋದೀತೆಂದು ನಾನು ಎಣಿಸಿರಲಿಲ್ಲ. ನಾಲ್ಕು ವರ್ಷಗಳ ಹಿಂದಿನ ಶ್ರಾವಣದಲ್ಲಿ, ನ್ಯಾಮತಿ ಸೀಮೆಯ ಒಂದು ಗ್ರಾಮದಲ್ಲಿ ಪ್ರವಚನ ಮುಗಿಸಿ ಏಳಹೋದಾಗ ಬಲಮಂಡಿ ಏಳಗೊಡಲಿಲ್ಲ. ಇಬ್ಬರು ತರುಣರು ರಟ್ಟೆ ಹಿಡಿದು ಎತ್ತಿದರು. ಕಾಯಕವನ್ನು ಕುರಿತು ಒಂದು ಗಂಟೆ ಮಾತನಾಡಿದವನಿಗೆ ತನ್ನ ಕಾಯವನ್ನೇ ಎತ್ತಲಾಗಲಿಲ್ಲವೆಂದು ಬಹಳ ನಾಚಿಕೆಯಾಯಿತು.

ಅನಂತರದ ಒಂದು ವರ್ಷ ನಾನು ಮಾಡಿದ್ದೆಲ್ಲವೂ ತಪ್ಪೇ. ಜಾತ್ರೆಯಲ್ಲಿ ಕೊಂಡ ಪುಡಿಯೊಂದನ್ನು ಸೇವಿಸಿದೆ. ನೋವು ಎರಡೇ ದಿನಗಳಲ್ಲಿ ಇಳಿಯಿತು. ತಿಂಗಳೊಳಗೆ ಮುಖ ಊದಿಕೊಂಡಿತು. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದಿರಬಹುದೆಂದು ವೈದ್ಯರು ಸಂಶಯಪಟ್ಟು, ಕ್ರಮವಾಗಿ ಬಿಡಿಸಿದರು. ನಡೆದಷ್ಟೂ ಕೀಲು ಸವೆಯುವುದೆಂದು ನಂಬಿ ನಡಿಗೆಯನ್ನೂ ತೊರೆದೆ. ನೋವು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಕೊನೆಗೆ ದಾವಣಗೆರೆಯ ಮೂಳೆ ತಜ್ಞರು ಎಕ್ಸ್‌ರೇ ನೋಡಿ, ಶಸ್ತ್ರಚಿಕಿತ್ಸೆ ಈಗ ಬೇಕಿಲ್ಲವೆಂದು ಹೇಳಿ ಫಿಸಿಯೋಥೆರಪಿಗೆ ಕಳುಹಿಸಿದರು. ಅಲ್ಲಿದ್ದಾಕೆ ನನ್ನ ಮಗಳ ವಯಸ್ಸಿನವರು. ಎರಡೂ ತೊಡೆಗಳನ್ನು ಟೇಪಿನಿಂದ ಅಳೆದು, “ಗುರುಗಳೇ, ನೋವಿರುವುದು ಮಂಡಿಯಲ್ಲಿ, ಆದರೆ ಬಲ ಕಳೆದುಕೊಂಡಿರುವುದು ನಿಮ್ಮ ತೊಡೆ” ಎಂದರು. ಬಲತೊಡೆ ನಿಜವಾಗಿಯೂ ತೆಳ್ಳಗಾಗಿತ್ತು.

ಆಕೆ ವಿವರಿಸಿದ್ದು ಹೀಗೆ: ಮೂಳೆಗಳ ತುದಿಯಲ್ಲಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಅದು ಒತ್ತಿ ಬಿಡುವ ಸ್ಪಂಜಿನಂತೆ ಕೀಲಿನೊಳಗಿನ ದ್ರವದಿಂದ ಪೋಷಣೆ ಪಡೆಯುತ್ತದೆ. ಆಡದ ಕೀಲು ಉಪವಾಸವಿದ್ದಂತೆ. ತೊಡೆಯ ಮುಂಭಾಗದ ಸ್ನಾಯು ಸೊರಗಿದರೆ ನಡಿಗೆಯ ಭಾರವೆಲ್ಲ ಕೀಲಿನ ಮೇಲೆಯೇ ಬೀಳುತ್ತದೆ. ಸ್ಥೂಲದೇಹಿಗಳು 1 ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋದಷ್ಟು ತಗ್ಗುತ್ತದೆ.

ಕಲಿಸಿದ ವ್ಯಾಯಾಮಗಳು ಸರಳವಾಗಿದ್ದವು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ 5 ಸೆಕೆಂಡು ಹಿಡಿಯುವುದು. ಅಂಗಾತ ಮಲಗಿ ಒಂದು ಕಾಲನ್ನು ಮಡಿಸಿ, ಇನ್ನೊಂದನ್ನು ನೇರವಾಗಿ ಒಂದಡಿ ಎತ್ತಿ ಇಳಿಸುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು. ಇದರಿಂದ ಸೊಂಟದ ಸ್ನಾಯುಗಳು ಬಲಗೊಳ್ಳುತ್ತವೆ. ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ಪ್ರತಿಯೊಂದೂ 10 ಬಾರಿ, ದಿನಕ್ಕೆರಡು ಹೊತ್ತು. ಮಾಡುವಾಗ ತುಸು ನೋವಾದರೆ ಭಯವಿಲ್ಲ. ಮರುದಿನವೂ ನೋವು ಉಳಿದರೆ ಎಣಿಕೆ ತಗ್ಗಿಸಬೇಕು. ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿಕಾಲು ಮುಂದು, ಇಳಿಯುವಾಗ ನೋವಿನ ಕಾಲು ಮುಂದು. ಮೊದಲ ತಿಂಗಳು ಫಲ ಕಾಣಲಿಲ್ಲ. ಮೂರನೆಯ ತಿಂಗಳಲ್ಲಿ ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತಿದೆ.

ಆದರೆ ಎಲ್ಲ ಕೀಲುನೋವೂ ಒಂದೇ ಅಲ್ಲ. ಸೊಂಟದ ಕೀಲಿನ ದೋಷ ತೊಡೆಸಂದಿಯಲ್ಲಿ ನೋಯುತ್ತದೆ. ಕೆಲವೊಮ್ಮೆ ಮಂಡಿಯಲ್ಲಿ ಮಾತ್ರ ನೋಯುವುದೂ ಉಂಟು. ಚನ್ನಗಿರಿಯಲ್ಲಿ ದಿನವಿಡೀ ಕುಳಿತು ಅಡಿಕೆ ಸುಲಿಯುವವರ ನೋವೇ ಬೇರೆ, ಹೊನ್ನಾಳಿಯಲ್ಲಿ ಬಾಗಿ ಭತ್ತ ನಾಟಿ ಮಾಡುವವರ ನೋವೇ ಬೇರೆ. ಜಗಳೂರಿನ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡ್ ಕೂಡ ಕೀಲುಗಳನ್ನು ಬಿಗಿಯಿಸಬಲ್ಲದು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯೂ ಸೊಂಟ, ಮಂಡಿಗಳನ್ನೇ ಹಿಡಿಯುವಂಥದು. ಅದು ವಂಶವಾಹಿಯಿಂದ ಬರುವುದು. ಆದ್ದರಿಂದ ಮೊದಲು ಪರೀಕ್ಷೆ, ಅನಂತರ ವ್ಯಾಯಾಮ. ಜ್ವರದೊಡನೆ ಕೀಲು ಕೆಂಪಾಗಿ ಊದಿದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಆಕೆಯ ಕೊನೆಯ ಸೂಚನೆ. “ಕೆಲಕಾಲ ನೆಲದ ಮೇಲೆ ಕೂರಬೇಡಿ; ಪೂಜೆಯನ್ನೂ ಕುರ್ಚಿಯ ಮೇಲೆಯೇ ಮಾಡಿ.” ಐವತ್ತು ವರ್ಷಗಳ ನೇಮವನ್ನು ಹೇಗೆ ಮುರಿಯುವುದು? ಆಕೆಗೆ ಹೂಂ ಎಂದು ಬಂದು, ಒಂದು ವಾರ ಗುಟ್ಟಾಗಿ ನೆಲದ ಮೇಲೆಯೇ ಕುಳಿತೆ. ನೋವು ಗುಟ್ಟನ್ನು ಬಯಲುಮಾಡಿತು. ನನ್ನೊಡನೆ ಓದಿದ ಹಿರಿಯ ಸ್ವಾಮಿಗಳೊಬ್ಬರಲ್ಲಿ ಸಂಕೋಚದಿಂದಲೇ ವಿಷಯವನ್ನು ಅರಿಕೆ ಮಾಡಿಕೊಂಡೆ. ಅವರು ನಕ್ಕು, “ಇಷ್ಟಲಿಂಗವಿರುವುದು ನಿಮ್ಮ ಅಂಗೈಯಲ್ಲಲ್ಲವೇ? ಅಂಗೈಗೆ ಮಂಡಿ ನೋವಿಲ್ಲ” ಎಂದರು. ಮರುದಿನದಿಂದ ಎತ್ತರದ ಮಣೆಯ ಮೇಲೆ ಕುಳಿತು ಪೂಜಿಸುತ್ತಿದ್ದೇನೆ. ಏಕಾಗ್ರತೆಗೆ ಕುಂದು ಬಂದಿಲ್ಲ. ನೋವಿನ ಧ್ಯಾನ ತಪ್ಪಿ ಶಿವಧ್ಯಾನಕ್ಕೆ ಎಡೆ ದೊರೆತಿದೆ.

ಕಳೆದ ವರ್ಷ ಜಗಳೂರಿನ ಕಡೆಯ ಒಂದು ಊರಿನಲ್ಲಿ ನಾನು ಕುರ್ಚಿಯ ಮೇಲೆ ಕುಳಿತು ಪ್ರವಚನ ಮಾಡಿದೆ. ಮರುದಿನ ವೃದ್ಧ ತಾಯಿಯೊಬ್ಬರು ಮೊಮ್ಮಗನ ಕೈಯಲ್ಲಿ ಕುರ್ಚಿ ಹೊರಿಸಿಕೊಂಡು ಬಂದರು. “ಮೂರು ವರ್ಷದಿಂದ ಬಂದಿಲ್ರಿ ಅಜ್ಜಾರೆ. ನೆಲಕ್ಕೆ ಕುಂತ್ರೆ ಏಳಾಕ ಆಗಲ್ಲ, ನಾಕು ಜನದ ಮುಂದೆ ಕುರ್ಚಿ ಮ್ಯಾಲೆ ಕೂರಾಕ ನಾಚಿಕೆ” ಎಂದರು. ಆ ನಾಚಿಕೆಯ ಪರಿಚಯ ನನಗಿತ್ತು.

ಮನೆಗಳಲ್ಲಿ ಹಿರಿಯರು ಕೀಲುನೋವನ್ನು ಮುಪ್ಪಿನ ಪಾಲೆಂದು ನುಂಗಿಕೊಂಡಿದ್ದರೆ, ಮಕ್ಕಳು ಸೊಸೆಯಂದಿರು ಅವರನ್ನು ಒಮ್ಮೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಳಗಿನ ವ್ಯಾಯಾಮದ ವೇಳೆ ಪಕ್ಕದಲ್ಲಿ ಕುಳಿತು ಎಣಿಸಿರಿ. ಪ್ರವಚನ ಏರ್ಪಡಿಸುವವರು ಹಿಂದಿನ ಸಾಲಿನಲ್ಲಲ್ಲ, ಮುಂದಿನ ಸಾಲಿನಲ್ಲಿಯೇ ಹತ್ತು ಕುರ್ಚಿಗಳನ್ನು ಇರಿಸಬೇಕೆಂದು ಬೇಡುತ್ತೇನೆ.