ಹಣ್ಣು ನುಡಿಯುವ ಸಾಕ್ಷ್ಯ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಕಳೆದ ಬೇಸಿಗೆಯಲ್ಲಿ ಮದ್ರಸದ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಸಕಲ ವಸ್ತುಗಳೂ ಅಲ್ಲಾಹನನ್ನು ಸ್ತುತಿಸುತ್ತವೆ, ಅವುಗಳ ತಸ್ಬೀಹ್ ಮಾತ್ರ ನಮಗೆ ತಿಳಿಯದು ಎಂಬ ಪವಿತ್ರ ಕುರ್‌ಆನಿನ ಬೋಧನೆಯನ್ನು ಆ ಮುದಿಮರಗಳ ನೆರಳಲ್ಲಿ ವಿವರಿಸುತ್ತಿದ್ದಾಗ ಬಾಲಕನೊಬ್ಬ ಕೇಳಿದ: “ಹಜ್ರತ್, ಬಾಯಿಲ್ಲದ ಮರ ಮಾತಾಡುವುದು ಹೇಗೆ?”

ತಸ್ಬೀಹಿನ ರಹಸ್ಯವನ್ನು ಅಲ್ಲಾಹನೇ ಬಲ್ಲ ಎಂದೆವು. ಆದರೆ ಗಿಡಮರಗಳು ತಮ್ಮೊಳಗೆ ಸುದ್ದಿ ಮುಟ್ಟಿಸಿಕೊಳ್ಳುವ ಬಗೆಯನ್ನು ಅವನು ಮನುಷ್ಯನಿಗೆ ಅಲ್ಪಸ್ವಲ್ಪ ತಿಳಿಸಿಕೊಟ್ಟಿದ್ದಾನೆ. ಸಸ್ಯದ ಕೆಲವು ಸಂದೇಶವಾಹಕರು ಕಣ್ಣಿಗೆ ಕಾಣದ ಅನಿಲಗಳು. ನೆಲದ ತೇವ ಆರಿದಾಗ ಎಲೆಯ ಸೂಕ್ಷ್ಮರಂಧ್ರಗಳನ್ನು ಕಾಯುವ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಅತ್ಯಲ್ಪ ಪ್ರಮಾಣದಲ್ಲಿ ಸಂದೇಶವಾಹಕವೇ.

ಇವುಗಳಲ್ಲಿ ಮೊದಲು ಪತ್ತೆಯಾದದ್ದು ಎಥಿಲೀನ್. 1901ರಲ್ಲಿ ರಷ್ಯಾದ ನೆಲ್ಯುಬೊವ್ ಎಂಬ ವಿಜ್ಞಾನಿ, ತನ್ನ ಪ್ರಯೋಗಾಲಯದ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯಲು ದೀಪದ ಅನಿಲದಲ್ಲಿದ್ದ ಎಥಿಲೀನೇ ಕಾರಣವೆಂದು ಕಂಡುಕೊಂಡ. 1934ರಲ್ಲಿ ಇಂಗ್ಲೆಂಡಿನ ಗೇನ್ ಎಂಬಾತ, ಮಾಗುವ ಸೇಬು ತಾನೇ ಈ ಅನಿಲವನ್ನು ಹೊಮ್ಮಿಸುತ್ತದೆಂದು ಸಾಬೀತುಪಡಿಸಿದ. ಬಲಿತ ಮಾವಿನಕಾಯಿಯೊಳಗೆ ಎಥಿಲೀನ್ ಹುಟ್ಟಿದೊಡನೆ ಪಿಷ್ಟ ಸಕ್ಕರೆಯಾಗತೊಡಗುತ್ತದೆ, ತಿರುಳು ಮೆತ್ತಗಾಗುತ್ತದೆ, ಸಿಪ್ಪೆಯ ಹಸಿರು ಕರಗುತ್ತದೆ. ನಮ್ಮ ಹಿರಿಯರು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದುದರ ಮರ್ಮವೂ ಇದೇ: ಕಾಯಿ ಬಿಟ್ಟ ಅನಿಲ ಕಾಯಿಯ ಸುತ್ತಲೇ ನಿಲ್ಲಲಿ ಎಂದು. ಹಾಗಾದರೆ ಹೊರಗಿನ ಹಳದಿ ಬಣ್ಣವು ಒಳಗಿನ ಸಿಹಿಗೆ ಹಣ್ಣು ನುಡಿಯುವ ಸಾಕ್ಷ್ಯ.

ಇಷ್ಟು ಹೇಳಿದ ನಮ್ಮ ನಾಲಿಗೆ ಅಲ್ಲಿಗೇ ತಡೆಯಿತು. ನಮ್ಮ ತಮ್ಮ ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿಯುತ್ತಾನೆ. ಆ ವರ್ಷದ ಬಂಡವಾಳದಲ್ಲಿ ನಮ್ಮ ಹಣವೂ ಇತ್ತು. ಅವನ ಪೆಟ್ಟಿಗೆಗಳಲ್ಲಿ ಕಾಗದದ ಪುಟ್ಟ ಪೊಟ್ಟಣಗಳನ್ನು ನಾವು ಕಂಡಿದ್ದೆವು, ಕಂಡೂ ಕೇಳಿರಲಿಲ್ಲ. ಅದು ಕ್ಯಾಲ್ಸಿಯಂ ಕಾರ್ಬೈಡ್. ತೇವ ತಗುಲಿದರೆ ಅಸಿಟಿಲೀನ್ ಅನಿಲ ಹೊರಡುತ್ತದೆ. ಅದು ಎಥಿಲೀನಿನ ವೇಷ ಧರಿಸಿ ಕಾಯಿಯನ್ನು ನಂಬಿಸುತ್ತದೆ. ಎಳೆಗಾಯಿಯ ಸಿಪ್ಪೆ ಹಳದಿಯಾಗುತ್ತದೆ, ತಿರುಳು ಹುಳಿಯಾಗಿಯೇ ಉಳಿಯುತ್ತದೆ. ಮಾರುಕಟ್ಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್‌ನಂಥ ವಿಷದ ಅಂಶಗಳೂ ಇರುವುದರಿಂದ ಕಾನೂನು ಅದನ್ನು ನಿಷೇಧಿಸಿದೆ.

ಹಣ್ಣಿನ ಮಾಗುವಿಕೆ ಪ್ರಕಟವಾಗುವವರೆಗೆ ಮರದ ಮೇಲಿನ ಫಲವನ್ನು ಮಾರಬಾರದೆಂದು ಪ್ರವಾದಿವರ್ಯರು(ಸ) ತಡೆದರು. ಒದ್ದೆ ಧಾನ್ಯವನ್ನು ರಾಶಿಯ ಒಳಗೆ ಅಡಗಿಸಿದ್ದ ವ್ಯಾಪಾರಿಯನ್ನು ಕಂಡು, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಈ ಹದೀಸ್‌ಗಳನ್ನು ಎಷ್ಟೋ ಸಲ ಪಾಠ ಮಾಡಿದ ನಾವು, ಮೂಕ ಕಾಯಿಯಿಂದ ಸುಳ್ಳುಸಾಕ್ಷ್ಯ ಹೇಳಿಸಿದ ವ್ಯಾಪಾರದಲ್ಲಿ ಪಾಲುದಾರರಾಗಿದ್ದೆವು.

ಆ ರಾತ್ರಿ ಇಶಾ ನಮಾಝಿನ ನಂತರ ತಮ್ಮನ ಮನೆಗೆ ಹೋದೆವು. ಅವನು ಎಲ್ಲವನ್ನೂ ಕೇಳಿ, “ಭಾಯಿಜಾನ್, ಮೊದಲ ವಾರದ ಬೆಲೆ ಮತ್ತೆ ಬರುವುದಿಲ್ಲ. ನಷ್ಟವಾದರೆ ತುಂಬುವವರು ಯಾರು?” ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಉಪದೇಶಕ್ಕೆ ಖರ್ಚಿಲ್ಲ, ತೋಪಿನ ಸಾಲ ಅವನ ತಲೆಯ ಮೇಲಿತ್ತು. “ನಮ್ಮ ಪಾಲಿನ ಲಾಭ ಬೇಡ. ನಷ್ಟದಲ್ಲಿ ಅರ್ಧ ನಮ್ಮದು” ಎಂದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಬಲಿತ ಕಾಯಿಗೆ ಅದರದೇ ಅನಿಲವಾದ ಎಥಿಲೀನನ್ನು, ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ ಮೀರದಂತೆ, ಮಾಗಿಸುವ ಕೋಣೆಯಲ್ಲಿ ಬಳಸಲು ಕಾನೂನಿನ ಅನುಮತಿಯಿದೆ. ಅದಕ್ಕೆ ಬೇಕಾದ ಬಂಡವಾಳ ನಮ್ಮಲ್ಲಿರಲಿಲ್ಲ. ಆದ್ದರಿಂದ ಕಾಯಿ ಬಲಿಯುವವರೆಗೆ ಕಾದು ಹುಲ್ಲಿನಲ್ಲೇ ಅಡೆ ಹಾಕಿದೆವು. ಬೆಲೆ ಇಳಿದಿತ್ತು, ನಷ್ಟವೂ ಆಯಿತು, ಅರ್ಧವನ್ನು ಕೊಟ್ಟೆವು.

ಮೊದಲ ಬುಟ್ಟಿಯನ್ನು ಮದ್ರಸದ ಮಕ್ಕಳಿಗೆ ಹಂಚಿದಾಗ ಆ ಬಾಲಕ ಹಣ್ಣನ್ನು ಮೂಸಿ ನೋಡಿ ನಕ್ಕ. ನಾಳೆ ನಮ್ಮ ಕೈಕಾಲುಗಳೇ ಸಾಕ್ಷಿ ನುಡಿಯುವ ದಿನವಿದೆ. ಅಲ್ಲಾಹನು ನಮ್ಮ ಹೊರಗನ್ನು ಒಳಗಿನಂತೆಯೂ, ಒಳಗನ್ನು ಹೊರಗಿಗಿಂತ ಉತ್ತಮವಾಗಿಯೂ ಮಾಡಲಿ. ಆಮೀನ್.