ವಿಮಾ ಕಚೇರಿಯ ಕವಿ

“ಕಚೇರಿಯ ಕೆಲಸದ ನಡುವೆ ಬರೆಯಲು ಬಿಡುವೆಲ್ಲಿ ಸಾರ್?” ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಕೇಳುವುದುಂಟು. ಶಾಲೆಯಲ್ಲಿದ್ದಾಗ ಸೊಗಸಾಗಿ ಕವಿತೆ ಕಟ್ಟುತ್ತಿದ್ದವರು ಅವರು. ಅಂಥವರಿಗೆ ಅಮೆರಿಕದ ಕವಿ ಟೆಡ್ ಕೂಸರ್ ಅವರನ್ನು ಪರಿಚಯಿಸಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಕೂಸರ್ ಹುಟ್ಟಿದ್ದು 1939ರಲ್ಲಿ, ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ. ಮೊದಲು ಕೆಲಕಾಲ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳಿದರು (ಇದನ್ನು ತಿಳಿದಾಗ ನನಗೆ ತುಸು ಹೆಮ್ಮೆಯಾಯಿತೆನ್ನಿ). ಬಳಿಕ ಕವಿ ಕಾರ್ಲ್ ಶಪೀರೊ ಅವರ ಬಳಿ ಕಲಿಯಬೇಕೆಂದು ನೆಬ್ರಾಸ್ಕ ವಿಶ್ವವಿದ್ಯಾಲಯವನ್ನು ಸೇರಿದರು. ಕವಿತೆಯ ಗುಂಗಿನಲ್ಲಿ ಉಳಿದ ಓದು ಹಿಂದೆ ಬಿದ್ದು, ಸಹಾಯಧನ ಕೈತಪ್ಪಿತು. ಜೀವನೋಪಾಯಕ್ಕೆಂದು ಜೀವವಿಮಾ ಕಂಪನಿಯೊಂದನ್ನು ಸೇರಿದವರು ಸುಮಾರು 35 ವರ್ಷ ಅದೇ ಕ್ಷೇತ್ರದಲ್ಲಿದ್ದು, ಲಿಂಕನ್ ಬೆನಿಫಿಟ್ ಲೈಫ್ ಎಂಬ ಸಂಸ್ಥೆಯ ಉಪಾಧ್ಯಕ್ಷರಾಗಿ ನಿವೃತ್ತರಾದರು. ಬಿಟ್ಟುಹೋಗಿದ್ದ ಎಂ.ಎ. ಪದವಿಯನ್ನೂ ನೌಕರಿಯ ನಡುವೆಯೇ 1968ರಲ್ಲಿ ಪಡೆದರು.

ಹಾಗಾದರೆ ಕವಿತೆ? ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಕಚೇರಿಗೆ ಹೊರಡುವ ಹೊತ್ತಿನವರೆಗೆ ಬರೆಯುವುದು ಅವರ ನಿತ್ಯದ ಪರಿಪಾಠ. ಬರೆದುದನ್ನು ಕೆಲವೊಮ್ಮೆ ಕಚೇರಿಯ ಕಾರ್ಯದರ್ಶಿಗೆ ತೋರಿಸಿ, “ಅರ್ಥವಾಗುತ್ತದೆಯೆ?” ಎಂದು ಕೇಳುತ್ತಿದ್ದರಂತೆ. ಆಕೆಗೆ ಅರ್ಥವಾಗದಿದ್ದರೆ ತಿದ್ದುತ್ತಿದ್ದರು. ನಮ್ಮ ಕೆ.ಎಸ್. ನರಸಿಂಹಸ್ವಾಮಿಯವರೂ ಗುಮಾಸ್ತಿಕೆ ಮಾಡುತ್ತಲೇ ಬರೆದವರಲ್ಲವೆ? ಕೂಸರ್ ಅವರ ಕವಿತೆಗಳು ತೀರ ಸರಳ ಎಂದು ಮೂಗು ಮುರಿಯುವ ವಿಮರ್ಶಕರಿದ್ದಾರೆ. ನಾನು ಒಪ್ಪಲಾರೆ. ಪಾಳುಬಿದ್ದ ತೋಟದಮನೆ, ಹಳೆಯ ಪಾತ್ರೆ, ಆಸ್ಪತ್ರೆಯಲ್ಲಿ ಕಾಯುತ್ತ ಕುಳಿತ ಹೆಂಗಸು, ಇಂಥವುಗಳಲ್ಲಿ ಒಂದು ಬಾಳನ್ನೇ ಕಾಣಿಸುವುದು ಸುಲಭವೆನ್ನುವವರು ಒಮ್ಮೆ ಪ್ರಯತ್ನಿಸಿ ನೋಡಲಿ.

1998ರಲ್ಲಿ ಅವರಿಗೆ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಾಯಿತು, ವಿಕಿರಣ ಚಿಕಿತ್ಸೆಯಾಯಿತು. ಆ ದಿನಗಳಲ್ಲಿ ಓದುವುದೂ ಬರೆಯುವುದೂ ನಿಂತೇಹೋಗಿದ್ದವು. ಚಿಕಿತ್ಸೆಯಿಂದ ಚರ್ಮ ಸೂಕ್ಷ್ಮವಾಗಿದ್ದುದರಿಂದ ಒಂದು ವರ್ಷ ಬಿಸಿಲಿಗೆ ಹೋಗಬಾರದೆಂದು ವೈದ್ಯರು ವಿಧಿಸಿದರು. ಹೀಗಾಗಿ ಅವರು ಸೂರ್ಯೋದಯಕ್ಕೆ ಮುನ್ನ, ನೆಬ್ರಾಸ್ಕದ ಹಿಮಗಟ್ಟಿದ ಹಳ್ಳಿಯ ದಾರಿಗಳಲ್ಲಿ ನಿತ್ಯವೂ ಎರಡು ಮೈಲಿ ನಡೆಯತೊಡಗಿದರು. ನವೆಂಬರಿನ ಒಂದು ಬೆಳಗ್ಗೆ ತಿರುಗಾಡಿ ಬಂದವರು, ತಮಗೇ ಅಚ್ಚರಿಯಾಗುವಂತೆ, ಒಂದು ಕವಿತೆಗೆ ಕೈಹಚ್ಚಿದರು. ಅಂದಿನಿಂದ ದಿನಕ್ಕೊಂದು ಪುಟ್ಟ ಕವಿತೆ. ಅದನ್ನು ಅಂಚೆಕಾರ್ಡಿಗೆ ಅಂಟಿಸಿ ಗೆಳೆಯ, ಲೇಖಕ ಜಿಮ್ ಹ್ಯಾರಿಸನ್‌ಗೆ ಕಳಿಸುತ್ತ ಹೋದರು. ಅವುಗಳಲ್ಲಿ ನೂರು ಕಾರ್ಡುಗಳು ‘ವಿಂಟರ್ ಮಾರ್ನಿಂಗ್ ವಾಕ್ಸ್’ ಎಂಬ ಪುಸ್ತಕವಾದವು. ಅದರಲ್ಲಿ ರೋಗದ ಮಾತು ಬಹಳ ಕಡಿಮೆ. ಗಾಳಿ, ಮಂಜು, ಹಕ್ಕಿ, ದಾರಿಬದಿಯ ಕಲ್ಲು, ಇವೇ ಹೆಚ್ಚು. ಬದುಕುತ್ತೇನೋ ಇಲ್ಲವೋ ತಿಳಿಯದ ಮನುಷ್ಯನೊಬ್ಬ ಅವನ್ನು ಅಷ್ಟು ಗಮನವಿಟ್ಟು ನೋಡುತ್ತಿದ್ದಾನೆಂಬುದು ಓದುವಾಗ ನೆನಪಾಗಿ ಎದೆ ಭಾರವಾಗುತ್ತದೆ.

ಅವರು ಚೇತರಿಸಿಕೊಂಡರು. 2004ರಲ್ಲಿ ಅಮೆರಿಕದ ಆಸ್ಥಾನಕವಿಯಾದರು. ಅಲ್ಲಿನ ಮಹಾಬಯಲುಸೀಮೆಯಿಂದ ಆ ಸ್ಥಾನಕ್ಕೇರಿದವರಲ್ಲಿ ಅವರೇ ಮೊದಲಿಗರು. 2005ರಲ್ಲಿ ‘ಡಿಲೈಟ್ಸ್ ಅಂಡ್ ಶ್ಯಾಡೋಸ್’ ಸಂಕಲನಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಪದವಿಯಲ್ಲಿದ್ದಾಗ ಅವರು ಮಾಡಿದ ಕೆಲಸವೇ ನನಗೆ ಪ್ರಶಸ್ತಿಗಿಂತ ಹೆಚ್ಚು ಪ್ರಿಯ: ವಾರಕ್ಕೊಂದು ಚಿಕ್ಕ ಕವಿತೆಯನ್ನು ಆರಿಸಿ, ಅದಕ್ಕೆ ಒಂದೆರಡು ಸಾಲಿನ ಮುನ್ನುಡಿ ಬರೆದು, ಯಾವ ಪತ್ರಿಕೆ ಬೇಕಾದರೂ ಉಚಿತವಾಗಿ ಅಚ್ಚುಹಾಕಲು ಕೊಟ್ಟರು. 2005ರಲ್ಲಿ ತೊಡಗಿದ ಆ ಅಂಕಣವನ್ನು 2020ರ ಕೊನೆಯವರೆಗೂ ನಡೆಸಿ, ಕವಿ ಕ್ವಾಮೆ ಡಾಸ್ ಅವರಿಗೆ ವಹಿಸಿದರು. ಹದಿನೈದು ವರ್ಷ ತನ್ನದಲ್ಲದ ಕವಿತೆಗಳನ್ನು ಊರೂರಿಗೆ ಹಂಚುವ ಕವಿಗಳು ಎಷ್ಟು ಮಂದಿ ಸಿಕ್ಕಾರು?

ಕ್ಯಾನ್ಸರಿನ ನಂತರ ಹ್ಯಾರಿಸನ್ ಮತ್ತು ಅವರ ನಡುವಿನ ಪತ್ರಗಳು ಕೇವಲ ಕಿರುಗವಿತೆಗಳಾದವು. 2003ರಲ್ಲಿ ಅವನ್ನು ‘ಬ್ರೇಯ್ಡೆಡ್ ಕ್ರೀಕ್’ ಎಂಬ ಹೆಸರಿನಲ್ಲಿ ಇಬ್ಬರೂ ಪ್ರಕಟಿಸಿದರು. ಹ್ಯಾರಿಸನ್ 2016ರಲ್ಲಿ ತೀರಿಕೊಂಡರು. ಯಾವ ಕವಿತೆ ಯಾರದೆಂದು ಆ ಪುಸ್ತಕದಲ್ಲಿ ಎಲ್ಲಿಯೂ ಸೂಚಿಸಿಲ್ಲ.